ಹಡಗು ಹತ್ತಿ ಹೋದ ಸುಂಡಿಲಿ ಹಿಮದ ನಾಡಿಗೆ ಒಗ್ಗಿದ್ದು ಹೇಗೆ?

ಪ್ರಶ್ನೆ: ನನ್ನ ಮಗ ಕೆನಡಾದ ಎಡ್ಮಂಟನ್‌ನಲ್ಲಿದ್ದಾನೆ. ಜನವರಿಯಲ್ಲಿ ಅವನ ಮನೆಗೆ ಹೋಗಿದ್ದೆ. ಹೊರಗೆ ಸೊನ್ನೆಗಿಂತ 25 ಡಿಗ್ರಿ ಕೆಳಗೆ. ಅಂಥ ಚಳಿಯಲ್ಲೂ ಗ್ಯಾರೇಜಿನಲ್ಲಿ ಇಲಿ ಓಡಾಡುತ್ತಿತ್ತು. ಇಲಿಗಳು ಅಲ್ಲಿಗೆ ಹಡಗಿನಲ್ಲಿ ಹೋದವು ಎಂದು ಓದಿದ್ದೇನೆ. ನಮ್ಮ ದಾವಣಗೆರೆಯ ಬಿಸಿಲಲ್ಲೂ ಇಲಿ, ಅಲ್ಲಿನ ಹಿಮದಲ್ಲೂ ಇಲಿ. ಇವು ಚಳಿಗೆ ಒಗ್ಗಿದ್ದು ಹೇಗೆ? ಜೀನ್‌ಗಳೇ ಬದಲಾದವೇ, ಇಲ್ಲ ಸುಮ್ನೆ ಅಭ್ಯಾಸವೇ?

ಉತ್ತರ: ಎರಡೂ ಹೌದು. ಆದರೆ ಇಲಿಯ ಮೈಯಲ್ಲಿ ಯಾವುದು ಜೀನಿನಿಂದ ಬಂತು, ಯಾವುದು ಚಳಿಯಲ್ಲಿ ಬೆಳೆದದ್ದರಿಂದ ಬಂತು ಎಂದು ಬಿಡಿಸಿ ನೋಡಿದಾಗ ವಿಷಯ ತುಂಬ ಚೆನ್ನಾಗಿದೆ. ಅದೃಷ್ಟ ನೋಡಿ, ಇದನ್ನು ಬಿಡಿಸಿದ ಮುಖ್ಯ ಪ್ರಯೋಗಗಳಲ್ಲಿ ನಿಮ್ಮ ಮಗನ ಊರಿನ ಇಲಿಗಳೇ ಇದ್ದವು.

ಮೊದಲು ನೀವು ನೋಡಿದ ಇಲಿ ಯಾವುದು ಅನ್ನೋದನ್ನು ತಿಳಿಯೋಣ. ದೊಡ್ಡ ಇಲಿಯಂತೂ ಆಗಿರಲಾರದು. ಎಡ್ಮಂಟನ್ ಇರುವ ಆಲ್ಬರ್ಟಾ ಪ್ರಾಂತ್ಯದವರು 1950ರಿಂದ ಗಡಿಯಲ್ಲೇ ಕಾವಲು ಹಾಕಿ ದೊಡ್ಡ ಇಲಿಗಳನ್ನು ಒಳಗೆ ನೆಲೆಯೂರಲು ಬಿಟ್ಟಿಲ್ಲ. ಹಾಗಾದರೆ ಅದು ಸಣ್ಣ ಇಲಿ. ಅದರಲ್ಲೂ ಎರಡು ಬಗೆ. ಹೊಟ್ಟೆ ಮತ್ತು ಪಾದ ಅಚ್ಚ ಬಿಳಿ, ಬಾಲ ಮೇಲೆ ಕಪ್ಪಗೆ ಕೆಳಗೆ ಬೆಳ್ಳಗೆ, ಕಣ್ಣು ದೊಡ್ಡದು ಅಂದರೆ ಅದು ಡಿಯರ್ ಮೌಸ್. ಅದು ಆ ನೆಲದ್ದೇ, ಎಲ್ಲಿಂದಲೂ ಬಂದದ್ದಲ್ಲ. ಮೈಯೆಲ್ಲ ಬೂದುಗಂದು, ಬಾಲವೂ ಒಂದೇ ಬಣ್ಣ ಅಂದರೆ ಅದು ಮನೆಯ ಸುಂಡಿಲಿ. ಹಡಗು ಹತ್ತಿ ಹೋದದ್ದು ಇದು. ನಮ್ಮಲ್ಲಿ ಡಬ್ಬಿಗಳ ಹಿಂದೆ ಸರಕ್ಕನೆ ಓಡುವ ಪುಟ್ಟ ಇಲಿಯ ದಾಯಾದಿ. (ಮೂತಿ ಉದ್ದ ಇರುವ, ಕೆಟ್ಟ ವಾಸನೆ ಬಿಡುವ ಸೊಂಡಿಲಿ ಬೇರೆ. ಅದು ಇಲಿ ಜಾತಿಯೇ ಅಲ್ಲ.)

ದಾಯಾದಿ ಅಂದೆ, ಅದೇ ಇಲಿ ಅನ್ನಲಿಲ್ಲ. ಮನೆಯ ಸುಂಡಿಲಿಯಲ್ಲಿ ಕೆಲವು ಉಪಜಾತಿಗಳಿವೆ. ನಮ್ಮ ಕಡೆಯದು ಒಂದು, ಪಶ್ಚಿಮ ಯುರೋಪಿನದು ಇನ್ನೊಂದು. ಉತ್ತರ ಅಮೆರಿಕಕ್ಕೆ ಮುಖ್ಯವಾಗಿ ಹೋದದ್ದು ಆ ಪಶ್ಚಿಮ ಯುರೋಪಿನದು. ವಲಸೆಗಾರರ ಹಡಗಿನಲ್ಲಿ ಧಾನ್ಯದ ಚೀಲ, ಹುಲ್ಲಿನ ಹೊರೆ, ಹಾಸಿಗೆ ಎಲ್ಲದರ ಜೊತೆ ಹೋಯಿತು. ಹೋಗಿ ಎಷ್ಟು ಕಾಲವಾಯಿತು? ಇಲಿಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 400ರಿಂದ 600 ಪೀಳಿಗೆ. ಜೀವವಿಕಾಸದ ಲೆಕ್ಕದಲ್ಲಿ ಇದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲೇ ಅದು ಬ್ರೆಜಿಲ್‌ನ ಅಮೆಜಾನ್ ಸೆಕೆಯಿಂದ ಕೆನಡಾದ ಹಿಮದವರೆಗೆ ಹರಡಿತು.

ಇನ್ನು ಚಳಿ ಇಲಿಗೆ ಏಕೆ ಅಷ್ಟು ಕಷ್ಟ ಅನ್ನೋದು. ಸಣ್ಣ ಲೋಟದ ಕಾಫಿ ಮಾತಾಡುತ್ತಾ ಕೂತರೆ ಆರಿಯೇ ಹೋಗುತ್ತದೆ. ದೊಡ್ಡ ಪಾತ್ರೆಯ ಸಾರು ಮಧ್ಯಾಹ್ನದವರೆಗೂ ಬೆಚ್ಚಗಿರುತ್ತದೆ. ವಸ್ತು ಚಿಕ್ಕದಾದಷ್ಟೂ ಒಳಗಿನ ಬಿಸಿಗೆ ಹೋಲಿಸಿದರೆ ಹೊರಮೈ ಜಾಸ್ತಿ. ಬಿಸಿ ಆ ಹೊರಮೈಯಿಂದಲೇ ಸೋರುತ್ತದೆ. ಸುಂಡಿಲಿಯ ತೂಕ ಸಾಮಾನ್ಯವಾಗಿ ಇಪ್ಪತ್ತು ಗ್ರಾಂ ಆಸುಪಾಸು. ಒಳಗೆ ನಮ್ಮ ಹಾಗೇ 37 ಡಿಗ್ರಿ ಬಿಸಿ ಕಾಯ್ದುಕೊಳ್ಳಬೇಕು. ಪಾಪ, ಅದು ಇಡೀ ದಿನ ಆರುತ್ತಿರುವ ಕಾಫಿ ಲೋಟ.

ಹಾಗಾದರೆ ಲೋಟ ಸ್ವಲ್ಪ ದೊಡ್ಡದಾದರೆ ಅನುಕೂಲ, ಅಲ್ವಾ? ಒಂದೇ ಬಗೆಯ ಪ್ರಾಣಿಗಳಲ್ಲಿ ತಣ್ಣನೆಯ ನಾಡಿನವು ದೊಡ್ಡವು, ಸೆಕೆಯ ನಾಡಿನವು ಸಣ್ಣವು ಎಂಬುದನ್ನು 1847ರಲ್ಲೇ ಜರ್ಮನಿಯ ಕಾರ್ಲ್ ಬರ್ಗ್‌ಮನ್ ಗುರುತಿಸಿದ್ದರು. ಅಮೆರಿಕದ ಸುಂಡಿಲಿಗಳಲ್ಲೂ ಅದೇ ಕಾಣಿಸುತ್ತದೆ. ಪೂರ್ವ ಕರಾವಳಿಯುದ್ದಕ್ಕೂ ದಕ್ಷಿಣದಿಂದ ಉತ್ತರಕ್ಕೆ ಹೋದ ಹಾಗೆ ಇಲಿಯ ತೂಕ ಏರುತ್ತದೆ.

ಆದರೆ ಇಷ್ಟರಿಂದಲೇ ಜೀನ್ ಬದಲಾಗಿದೆ ಅನ್ನುವ ಹಾಗಿಲ್ಲ. ಉತ್ತರದ ಇಲಿಗೆ ಮೇವು ಚೆನ್ನಾಗಿ ಸಿಕ್ಕಿರಬಹುದು. ಚಳಿಯಲ್ಲಿ ಹುಟ್ಟಿ ಬೆಳೆದದ್ದಕ್ಕೇ ಮೈ ಬಂದಿರಬಹುದು. ಇದನ್ನು ಪರೀಕ್ಷಿಸುವ ದಾರಿ ಒಂದೇ. ಎರಡೂ ಕಡೆಯ ಇಲಿಗಳನ್ನು ಒಂದೇ ಸೂರಿನಡಿ ತಂದು, ಒಂದೇ ಆಹಾರ, ಒಂದೇ ಮಟ್ಟದ ಬಿಸುಪು ಕೊಟ್ಟು, ಅವುಗಳ ಮಕ್ಕಳನ್ನು ನೋಡಬೇಕು. ರೈತರು ಎರಡು ಊರಿನ ಬಿತ್ತನೆ ತಂದು ಒಂದೇ ಹೊಲದಲ್ಲಿ ಪಕ್ಕಪಕ್ಕ ಬಿತ್ತಿ ನೋಡುವುದಿಲ್ಲವೇ, ಹಾಗೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಮೈಕೆಲ್ ನಾಕ್‌ಮನ್ ಅವರ ತಂಡ ಇದನ್ನೇ ಮಾಡಿತು. ಮೆಗನ್ ಫೈಫರ್-ರಿಕ್ಸಿ ಮುಂದೆ ನಿಂತು ಮಾಡಿದ ಕೆಲಸ 2018ರಲ್ಲಿ ಪ್ರಕಟವಾಯಿತು. ಅಮೆರಿಕದ ಪೂರ್ವದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಸಾಲಾಗಿರುವ ಜಾಗಗಳಿಂದ 50 ಕಾಡು ಸುಂಡಿಲಿಗಳನ್ನು ಹಿಡಿದು ಅಳೆದರು. ಬೇರೆ ಬೇರೆ ಅಕ್ಷಾಂಶದ ಇಲಿಗಳ ಮಕ್ಕಳನ್ನು ಪ್ರಯೋಗಾಲಯದಲ್ಲಿ ಒಂದೇ ರೀತಿ ಸಾಕಿದರು. ಚಳಿಯನ್ನೇ ಕಾಣದ ಆ ಮಕ್ಕಳಲ್ಲೂ ಉತ್ತರದವು ದೊಡ್ಡವು, ಕೊಬ್ಬೂ ಜಾಸ್ತಿ. ಅಂದರೆ ಅಪ್ಪ ಅಮ್ಮನಿಂದ ಬಂದ ಗುಣ.

ಆಮೇಲೆ ಪಶ್ಚಿಮದ ಸಾಲು ನೋಡಿದರು. ಅರಿಜೋನಾದ ಟೂಸಾನ್ ಮರುಭೂಮಿಯಿಂದ ನಿಮ್ಮ ಎಡ್ಮಂಟನ್‌ವರೆಗೆ, 21 ಡಿಗ್ರಿ ಅಕ್ಷಾಂಶ. ಪೂರ್ವದ ಇಲಿಗಳೂ ಪಶ್ಚಿಮದ ಇಲಿಗಳೂ ಬೇರೆ ಬೇರೆಯಾಗಿ ಬಂದು ನೆಲೆಸಿದವು ಎಂದು ಅವುಗಳ ಡಿಎನ್‌ಎ ಹೇಳಿತು. ಆದರೂ ಎರಡು ಕಡೆಯೂ ಅದೇ ಕಥೆ. ಉತ್ತರದ್ದು ದೊಡ್ಡದು. ಅಷ್ಟೇ ಅಲ್ಲ, ಚಳಿ ಆರಿಸಿ ಉಳಿಸಿದ ಜೀನ್‌ಗಳ ಪಟ್ಟಿ ಹೋಲಿಸಿದರೆ ಎರಡೂ ಕಡೆ ಅವೇ ಹಲವು ಜೀನ್‌ಗಳು ಸಿಕ್ಕವು. ಉಳಿದವು ಆಯಾ ಕಡೆಯವೇ. ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ಇದಕ್ಕಿಂತ ಬಲವಾದ ಸಾಕ್ಷಿ ಇನ್ನೊಂದಿಲ್ಲ. ಒಂದು ಕಡೆ ಆದರೆ ಆಕಸ್ಮಿಕ ಅನ್ನಬಹುದು. ಎರಡು ಕಡೆ ಬೇರೆ ಬೇರೆಯಾಗಿ ಅದೇ ಆಗಿದೆ ಅಂದರೆ ಅದರ ಹಿಂದೆ ಚಳಿಯ ಕೈ ಇದೆ.

ಈಗ ಗೂಡಿನ ವಿಷಯ. ಇದು ನನಗೆ ಬಹಳ ಇಷ್ಟದ್ದು.

ಹಲವು ವರ್ಷಗಳ ಹಿಂದೆ ನಮ್ಮ ಅಟ್ಟದ ಹಳೆಯ ಟ್ರಂಕು ತೆಗೆದಾಗ ಒಳಗೆ ಸುಂಡಿಲಿಯ ಗೂಡು ಇತ್ತು. ಅಜ್ಜಿಯ ಹತ್ತಿ ಸೀರೆಯ ಅಂಚು, ದಿನಪತ್ರಿಕೆ, ಗೋಣಿಯ ನಾರು. ಎಲ್ಲವನ್ನೂ ಹಲ್ಲಿನಿಂದ ಎಳೆ ಎಳೆಯಾಗಿ ಬಿಡಿಸಿ ಉಂಡೆ ಕಟ್ಟಿತ್ತು. ಹೊರಗೆ ಒರಟು ನಾರು, ಒಳಗೆ ಹೋದ ಹಾಗೆ ನಯ. ಪಕ್ಕದಲ್ಲಿ ಬೆರಳು ತೂರುವಷ್ಟು ಬಾಗಿಲು. ಬೆರಳು ಇಟ್ಟೆ. ಮರಿಗಳು ಆಗಷ್ಟೇ ಹೋಗಿದ್ದವೋ ಏನೋ, ಒಳಗೆ ಇನ್ನೂ ಬೆಚ್ಚಗಿತ್ತು. ಸೀರೆ ಹೋದದ್ದಕ್ಕೆ ಅಮ್ಮ ಬೈದರು. ನಾನು ಗೂಡನ್ನೇ ನೋಡುತ್ತಾ ಕೂತೆ.

ಈ ಗೂಡು ಕಟ್ಟುವ ಗುಣವೂ ಜೀನಿನಲ್ಲಿದೆ. ಕ್ಯಾರಲ್ ಲಿಂಚ್ ಎಂಬ ವಿಜ್ಞಾನಿ ಇದನ್ನು ತೋರಿಸಿದ ರೀತಿ ಸರಳ. ಪ್ರತಿ ಇಲಿಗೂ ಹತ್ತಿ ಕೊಟ್ಟು, ಎಷ್ಟು ಗ್ರಾಂ ಎಳೆದುಕೊಂಡು ಗೂಡು ಮಾಡಿತು ಎಂದು ತೂಕ ಹಾಕಿದರು. ಜಾಸ್ತಿ ಎಳೆದವುಗಳನ್ನು ಜಾಸ್ತಿ ಎಳೆದವುಗಳ ಜೊತೆ, ಕಡಿಮೆ ಎಳೆದವುಗಳನ್ನು ಕಡಿಮೆ ಎಳೆದವುಗಳ ಜೊತೆ ಕೂಡಿಸುತ್ತಾ ಹೋದರು. ಪೀಳಿಗೆಗಳು ಕಳೆದ ಹಾಗೆ ಒಂದು ಸಾಲಿನವು ದೊಡ್ಡ ದೊಡ್ಡ ಗೂಡು ಕಟ್ಟತೊಡಗಿದವು. ಇನ್ನೊಂದು ಸಾಲಿನವು ಹತ್ತಿ ಮುಟ್ಟುವುದೇ ಕಡಿಮೆಯಾಯಿತು. ಮನುಷ್ಯ ಆರಿಸಿದ ಹಾಗೆ ಚಳಿಯೂ ಆರಿಸಿರಬೇಕಲ್ಲ ಎಂದು ಅವರು ಪೂರ್ವ ಕರಾವಳಿಯ ಕಾಡು ಇಲಿಗಳನ್ನು ನೋಡಿದರು. 1992ರಲ್ಲಿ ಬಂದ ಉತ್ತರ: ಹೌದು, ಉತ್ತರದವು ದೊಡ್ಡ ಗೂಡು ಕಟ್ಟುತ್ತವೆ. ಬರ್ಕ್ಲಿಯವರು ಮುಂದೆ ಪೂರ್ವ, ಪಶ್ಚಿಮ ಎರಡೂ ಕಡೆಯ ಇಲಿಗಳಲ್ಲಿ ಅದನ್ನೇ ಕಂಡರು. ಬೆಚ್ಚಗಿನ ಪಂಜರದಲ್ಲಿ ಹುಟ್ಟಿದ ಎಡ್ಮಂಟನ್ ಇಲಿಯ ಮರಿಯೂ ಟೂಸಾನ್ ಇಲಿಯ ಮರಿಗಿಂತ ಜಾಸ್ತಿ ಹತ್ತಿ ಎಳೆದುಕೊಳ್ಳುತ್ತದೆ. ಚಳಿ ಹೇಗಿರುತ್ತದೆ ಎಂದೇ ಅದಕ್ಕೆ ಗೊತ್ತಿಲ್ಲ.

ಆದ್ದರಿಂದ ನೀವು ಕೇಳಿದ ‘ಜೀನೋ ಅಭ್ಯಾಸವೋ’ ಎಂಬ ಗೆರೆ ಇಲ್ಲಿ ಅಳಿಸಿಹೋಗುತ್ತದೆ. ಅಭ್ಯಾಸ ಅಂತ ನಾವು ಅಂದುಕೊಂಡದ್ದರಲ್ಲೂ ಜೀನಿನ ಪಾಲಿದೆ.

ಇನ್ನು ಬಾಲ ಮತ್ತು ಕಿವಿ. ತಟ್ಟೆಯಲ್ಲಿ ಬಿಸಿ ಅನ್ನವನ್ನು ಹರಡಿದರೆ ಬೇಗ ಆರುತ್ತದೆ. ಗುಡ್ಡೆ ಮಾಡಿದರೆ ಬಿಸಿ ನಿಲ್ಲುತ್ತದೆ. ಬಾಲ, ಕಿವಿ ಎರಡೂ ಹರಡಿದ ಅನ್ನದ ಹಾಗೆ. ಅಲ್ಲಿಂದ ಬಿಸಿ ಸೋರುತ್ತದೆ. ಉತ್ತರದ ಸುಂಡಿಲಿಗಳಿಗೆ ಬಾಲ ಗಿಡ್ಡ, ಕಿವಿಯೂ ಚಿಕ್ಕದು. ಇದೂ ಜೀನಿನದ್ದೇ ಎಂದು ಹೇಳಿ ಮುಗಿಸಬಹುದಿತ್ತು. ಆದರೆ 1909ರಷ್ಟು ಹಿಂದೆಯೇ ಫ್ರಾನ್ಸಿಸ್ ಸಮ್ನರ್ ಎಂಬವರು ಬಿಳಿ ಇಲಿಗಳನ್ನು ತಣ್ಣನೆಯ ಕೋಣೆಯಲ್ಲೂ ಬೆಚ್ಚಗಿನ ಕೋಣೆಯಲ್ಲೂ ಬೆಳೆಸಿ ನೋಡಿದ್ದರು. ತಣ್ಣನೆಯ ಕೋಣೆಯವುಗಳ ಬಾಲ ಗಿಡ್ಡವಾಗಿತ್ತು. ಬೆಳೆಯುವ ಎಲುಬಿನ ತುದಿಯ ಮೃದ್ವಸ್ಥಿ, ಅಂದರೆ ಮೆದು ಎಲುಬು, ಚಳಿಯಲ್ಲಿ ನಿಧಾನವಾಗಿ ಬೆಳೆಯುತ್ತದೆ, ಅದಕ್ಕೇ ಹೀಗೆ.

ನಾಕ್‌ಮನ್ ತಂಡದ ಮ್ಯಾಲರಿ ಬ್ಯಾಲಿಂಜರ್ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರು. ಬ್ರೆಜಿಲ್‌ನ ಮನೌಸ್ ಊರಿನ ಇಲಿ ಸಂತತಿ ಒಂದು, ನ್ಯೂಯಾರ್ಕ್ ರಾಜ್ಯದ ಸಾರಟೋಗಾ ಸ್ಪ್ರಿಂಗ್ಸ್‌ನ ಸಂತತಿ ಇನ್ನೊಂದು. ಒಡಹುಟ್ಟಿದ ಮರಿಗಳನ್ನೇ ಎರಡು ಪಾಲು ಮಾಡಿ, ಕೆಲವನ್ನು 21 ಡಿಗ್ರಿಯಲ್ಲಿ, ಕೆಲವನ್ನು 5 ಡಿಗ್ರಿಯಲ್ಲಿ ಬೆಳೆಸಿದರು. ಮೈಯ ಗಾತ್ರ ಹೆಚ್ಚುಕಡಿಮೆ ಬದಲಾಗಲೇ ಇಲ್ಲ. ನ್ಯೂಯಾರ್ಕ್ ಇಲಿ ಬೆಚ್ಚಗಿದ್ದರೂ ದೊಡ್ಡದೇ, ಬ್ರೆಜಿಲ್ ಇಲಿ ಚಳಿಯಲ್ಲಿದ್ದರೂ ಸಣ್ಣದೇ. ಬಾಲ ಮತ್ತು ಕಿವಿ ಮಾತ್ರ ಚಳಿಯಲ್ಲಿ ಬೆಳೆದ ಎರಡೂ ಗುಂಪಿನಲ್ಲಿ ಗಿಡ್ಡವಾದವು. ಅಂದರೆ ಗಾತ್ರ ಬಹುಪಾಲು ಜೀನಿನದ್ದು. ಬಾಲದಲ್ಲಿ ಜೀನೂ ಇದೆ, ಹುಟ್ಟಿದ ಜಾಗದ ಚಳಿಯೂ ಇದೆ.

ಇದರ ಅರ್ಥ ದೊಡ್ಡದು. ಹಡಗಿನಿಂದ ಇಳಿದ ಮೊದಲ ಇಲಿಗೆ ಚಳಿಗೆ ಬೇಕಾದ ಜೀನ್ ಪೂರ್ತಿ ಇರಬೇಕಾಗಿರಲಿಲ್ಲ. ಅದರ ಮರಿಗಳ ಬಾಲ ತಾನಾಗಿ ಸ್ವಲ್ಪ ಗಿಡ್ಡವಾಯಿತು, ಕೊಟ್ಟಿಗೆಯ ಹುಲ್ಲಿನಲ್ಲಿ ಗೂಡು ಸಿಕ್ಕಿತು, ಹೇಗೋ ಮೊದಲ ಚಳಿಗಾಲ ದಾಟಿದವು. ಜೀನುಗಳ ಆಯ್ಕೆಗೆ ಆಮೇಲೆ ಸಮಯ ಸಿಕ್ಕಿತು.

ಈಗ ಜೀನಿನ ಒಳಗೆ ಏನಾಯಿತು ಅನ್ನೋದಕ್ಕೆ ಬರೋಣ. ತುಂಬ ಜನ ಅಂದುಕೊಳ್ಳುವುದು ಹೀಗೆ: ಚಳಿ ಬಂತು, ಇಲಿಗೆ ಬೇಕು ಅನ್ನಿಸಿತು, ‘ಚಳಿ ಜೀನ್’ ಒಂದು ಹೊಸದಾಗಿ ಹುಟ್ಟಿತು. ಹಾಗಲ್ಲ. ಯಾವ ಇಲಿಯೂ ತನ್ನ ಜೀನನ್ನು ತಾನು ಬದಲಿಸಿಕೊಳ್ಳಲಾರದು. ಬದಲಾಗುವುದು ಇಡೀ ಹಿಂಡಿನ ಲೆಕ್ಕ. ಬೆರಕೆ ಬಿತ್ತನೆಯನ್ನು ಒಣಭೂಮಿಗೆ ಹಾಕಿದರೆ ಬರ ತಡೆಯುವ ತಳಿ ಮೇಲೆ ಬರುತ್ತದೆ. ಮುಂದಿನ ವರ್ಷ ಅದರ ಕಾಳೇ ಬಿತ್ತನೆಗೆ ಜಾಸ್ತಿ ಸಿಗುತ್ತದೆ. ಆ ತಳಿ ಹೊಲದಲ್ಲಿ ಹುಟ್ಟಿದ್ದಲ್ಲ, ಚೀಲದಲ್ಲೇ ಇತ್ತು. ಯುರೋಪಿನಿಂದ ಹೋದ ಸುಂಡಿಲಿಗಳಲ್ಲೂ ಸ್ವಲ್ಪ ದಪ್ಪ, ಸ್ವಲ್ಪ ತೆಳು, ಜಾಸ್ತಿ ಹತ್ತಿ ಎಳೆಯುವವು, ಸೋಮಾರಿಗಳು ಎಲ್ಲ ಇದ್ದವು. ನಾಲ್ಕೈದು ನೂರು ಪೀಳಿಗೆಯಲ್ಲಿ ಇಷ್ಟು ಬದಲಾವಣೆ ಆಗಬೇಕಾದರೆ ಜೀನಿನಲ್ಲಿ ಹೊಸ ಬದಲಾವಣೆ ಹುಟ್ಟಲಿ ಎಂದು ಕಾದು ಕೂರುವುದಕ್ಕಿಂತ ಜೊತೆಗೆ ತಂದ ಬುತ್ತಿಯೇ ಬೇಗ ಕೆಲಸಕ್ಕೆ ಬರುತ್ತದೆ.

ಒಂದೇ ಜೀನಿನ ಕೆಲಸವೂ ಅಲ್ಲ. ಮೈಯ ತೂಕವನ್ನು ಹತ್ತಾರು ಜೀನ್‌ಗಳು ಸ್ವಲ್ಪ ಸ್ವಲ್ಪ ಎಳೆಯುತ್ತವೆ. ತೇರು ಎಳೆಯುವ ಹಾಗೆ.

ಇನ್ನೊಂದು ಮಾತು. ಬದಲಾದದ್ದು ಬಹುಪಾಲು ಜೀನ್ ಏನು ತಯಾರಿಸುತ್ತದೆ ಎಂಬುದಲ್ಲ, ಎಷ್ಟು ತಯಾರಿಸುತ್ತದೆ ಎಂಬುದು. ಇದನ್ನು ಕಂಡುಹಿಡಿದ ಪ್ರಯೋಗ ಹೇಳಲೇಬೇಕು. 2023ರಲ್ಲಿ ಬ್ಯಾಲಿಂಜರ್ ಮತ್ತು ಜೊತೆಗಾರರು ಪ್ರಕಟಿಸಿದ ಕೆಲಸದಲ್ಲಿ ನ್ಯೂಯಾರ್ಕ್ ಇಲಿಗೂ ಬ್ರೆಜಿಲ್ ಇಲಿಗೂ ಮರಿ ಮಾಡಿಸಿದರು. ಆ ಮರಿಯ ಪ್ರತಿ ಜೀವಕೋಶದಲ್ಲೂ ಪ್ರತಿ ಜೀನಿನ ಎರಡು ಪ್ರತಿ ಇರುತ್ತವೆ, ಒಂದು ನ್ಯೂಯಾರ್ಕಿನದು, ಒಂದು ಬ್ರೆಜಿಲ್‌ನದು. ಅದರ ಲಿವರ್ ಮತ್ತು ಕಂದು ಕೊಬ್ಬಿನಲ್ಲಿ ಯಾವ ಪ್ರತಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆದರು. ಕಂದು ಕೊಬ್ಬು ಅಂದರೆ ಸುಟ್ಟು ಬಿಸಿ ಕೊಡುವುದಕ್ಕೇ ಇರುವ ಕೊಬ್ಬು. ಇಲಿಯ ಒಳಗಿನ ಕೆಂಡ ಅನ್ನಿ.

ಒಂದು ಗ್ಯಾಸ್ ಒಲೆ ನೆನೆಯಿರಿ. ಒಂದೇ ಸಿಲಿಂಡರ್, ಎರಡು ಬರ್ನರ್. ಒಂದರ ಉರಿ ದೊಡ್ಡದು, ಇನ್ನೊಂದರದು ಸಣ್ಣದು. ಸಿಲಿಂಡರ್ ಎರಡಕ್ಕೂ ಒಂದೇ ಆದ್ದರಿಂದ ವ್ಯತ್ಯಾಸ ಅಲ್ಲಿಲ್ಲ. ಬರ್ನರ್ ಪಕ್ಕದ ತಿರುಪಿನಲ್ಲಿದೆ. ಹಾಗೆಯೇ ಒಂದೇ ಮರಿಯ ಮೈಯಲ್ಲಿ ರಕ್ತ ಒಂದೇ, ಹಾರ್ಮೋನ್ ಒಂದೇ, ಚಳಿ ಒಂದೇ. ಆದರೂ ನ್ಯೂಯಾರ್ಕ್ ಪ್ರತಿ ಜಾಸ್ತಿಯೋ ಕಡಿಮೆಯೋ ಉರಿದರೆ ವ್ಯತ್ಯಾಸ ಇರುವುದು ಆ ಜೀನಿನ ಪಕ್ಕದಲ್ಲೇ ಇರುವ ಡಿಎನ್‌ಎ ತಿರುಪಿನಲ್ಲಿ. ಎರಡು ಗುಂಪಿನ ನಡುವಿನ ವ್ಯತ್ಯಾಸ ಬಹುಪಾಲು ಇಂಥ ತಿರುಪುಗಳದ್ದೇ ಎಂದು ಗೊತ್ತಾಯಿತು. ಚಳಿಯಲ್ಲಿಟ್ಟರೂ ಬೆಚ್ಚಗಿಟ್ಟರೂ ಅವು ಅಷ್ಟಕ್ಕೇ ನಿಂತಿದ್ದವು. ಕಾಡು ಇಲಿಗಳಲ್ಲಿ ಆಯ್ಕೆಯ ಗುರುತು ಇದ್ದ ಜೀನ್‌ಗಳಲ್ಲೂ ಇಂಥ ತಿರುಪಿನವೇ ಜಾಸ್ತಿ ಇದ್ದವು, ಅದೂ ಮೈತೂಕ ಮತ್ತು ಆಹಾರವನ್ನು ಶಕ್ತಿಯಾಗಿಸುವ ಕೆಲಸಕ್ಕೆ ಸಂಬಂಧಪಟ್ಟವು.

ಟೂಸಾನ್‌ನ ಇಲಿಗಳ ಕಷ್ಟ ಬೇರೆ. ಅಲ್ಲಿ ನೀರಿಲ್ಲ. ಪ್ರಯೋಗಾಲಯದಲ್ಲಿ ಎಷ್ಟೋ ಪೀಳಿಗೆ ನೀರು ಧಾರಾಳವಾಗಿ ಸಿಕ್ಕ ಮೇಲೂ ಆ ಮರುಭೂಮಿ ಇಲಿಗಳು ಬೇರೆಯವುಗಳಿಗಿಂತ ಕಡಿಮೆ ನೀರು ಕುಡಿದವು. ನೀರು ಕಡಿಮೆ ಮಾಡಿದಾಗ ತೂಕವೂ ಕಡಿಮೆ ಇಳಿಯಿತು. ಅವುಗಳ ಕಿಡ್ನಿಯಲ್ಲಿ ಜೀನ್‌ಗಳು ಕೆಲಸ ಮಾಡುವ ರೀತಿಯೇ ಬೇರೆ. ಕೆಲವು ನೂರು ಪೀಳಿಗೆಯ ಹಿಂದೆ ಇವುಗಳ ಮುತ್ತಜ್ಜಿಯರು ಯುರೋಪಿನ ಮಳೆಯಲ್ಲಿ ನೆನೆಯುತ್ತಿದ್ದವು.

ಹಾಗಂತ ದೊಡ್ಡ ಇಲಿ ಕಂಡಲ್ಲೆಲ್ಲ ಚಳಿಯೇ ಕಾರಣ ಅನ್ನಬೇಡಿ. ದಕ್ಷಿಣ ಅಟ್ಲಾಂಟಿಕ್‌ನ ಗಾಫ್ ದ್ವೀಪಕ್ಕೆ 19ನೇ ಶತಮಾನದಲ್ಲಿ ಸೀಲ್ ಬೇಟೆಯ ಹಡಗುಗಳಲ್ಲಿ ಸುಂಡಿಲಿ ಹೋಯಿತು. ಇವತ್ತು ಅಲ್ಲಿನ ಸುಂಡಿಲಿ ಬೇರೆ ಕಡೆಯದರ ಸುಮಾರು ಎರಡು ಪಟ್ಟು ತೂಗುತ್ತದೆ. ಅವು ಗುಂಪಾಗಿ ಹೋಗಿ ಆಲ್ಬಟ್ರಾಸ್ ಹಕ್ಕಿಯ ಮರಿಗಳನ್ನು ಜೀವಂತವಾಗಿ ತಿನ್ನುತ್ತವೆ. ಓಡಲೂ ಗೊತ್ತಿಲ್ಲದ ಮರಿಗಳು, ಗೂಡಿನಲ್ಲಿ ಕೂತಲ್ಲೇ ಸಾಯುತ್ತವೆ. ಆ ಚಿತ್ರ ನೋಡಿದವರಿಗೆ ಮರೆಯುವುದು ಕಷ್ಟ. ಅಲ್ಲಿ ಚಳಿಯೂ ಇದೆ ನಿಜ. ಆದರೆ ಹಿಡಿಯುವ ಬೆಕ್ಕಿಲ್ಲ, ಹಾವಿಲ್ಲ, ಪೈಪೋಟಿಗೆ ಬೇರೆ ಇಲಿಯಿಲ್ಲ. ತಳಿ ಬೆರೆಸಿ ನೋಡಿದ ಅಧ್ಯಯನವೊಂದರಲ್ಲಿ ತೂಕಕ್ಕೆ 8, ಬೆಳೆಯುವ ವೇಗಕ್ಕೆ 11 ಜೀನ್ ಜಾಗಗಳು ಸಿಕ್ಕವು. ಒಂದೊಂದರದೂ ಸಣ್ಣ ಪಾಲು. ಹುಟ್ಟಿದ ಮೊದಲ ಆರು ವಾರ ದಡದಡನೆ ಬೆಳೆಯುವುದೇ ಅವುಗಳ ಗುಟ್ಟು.

ಎಲ್ಲ ಇಲಿಯೂ ಹೀಗೆ ಗೆದ್ದಿಲ್ಲ ಎನ್ನುವುದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ. ಹೆಂಚಿನ ಮನೆಯ ಸೂರಿನಲ್ಲಿ, ತೆಂಗಿನ ಮರದಲ್ಲಿ ಓಡುವ ಇಲಿ, ಪುಸ್ತಕದಲ್ಲಿ ಕಪ್ಪು ಇಲಿ ಎನ್ನುತ್ತಾರೆ, ಅದರ ಮೂಲ ನೆಲೆ ನಮ್ಮ ಭಾರತದ ಪರ್ಯಾಯದ್ವೀಪ. ಇಲ್ಲಿಂದ ಹೊರಟು ರೋಮನ್ನರ ಕಾಲಕ್ಕೆ ಯುರೋಪ್ ಮುಟ್ಟಿತು. ಹಳೆಯ ಎಲುಬುಗಳ ಡಿಎನ್‌ಎ ಓದಿದ 2022ರ ಅಧ್ಯಯನದ ಪ್ರಕಾರ ರೋಮನ್ ಸಾಮ್ರಾಜ್ಯ ಬಿದ್ದ ಮೇಲೆ ಅಲ್ಲಿ ಇವು ತುಂಬ ಕಡಿಮೆಯಾದವು. ಮಧ್ಯಯುಗದಲ್ಲಿ ವ್ಯಾಪಾರ ಚಿಗುರಿದಾಗ ಮತ್ತೆ ಹೊಸದಾಗಿ ಬಂದವು. ಉತ್ತರದ ಚಳಿಯಲ್ಲಿ ಅವು ಕಣಜ, ಬಂದರು, ಮನೆಗಳನ್ನೇ ನಂಬಿ ಬದುಕಿದವು. ಪೇಟೆ ಖಾಲಿಯಾದರೆ ಅವುಗಳ ಹೊಟ್ಟೆಯೂ ಖಾಲಿ. 18ನೇ ಶತಮಾನದಲ್ಲಿ ಕಂದು ಇಲಿ ಬಂದ ಮೇಲೆ ಅವು ಇನ್ನೂ ಮೂಲೆಗೆ ಸರಿದವು. ಕಂದು ಇಲಿಯ ಮೂಲ ಉತ್ತರ ಚೀನಾ ಮತ್ತು ಮಂಗೋಲಿಯಾ ಕಡೆ. ಚಳಿಯನ್ನು ಅದು ತವರಿನಿಂದಲೇ ಕಲಿತು ಬಂದಿತ್ತು.

ಕೊನೆಗೆ ನಿಮ್ಮ ಮಗನ ಗ್ಯಾರೇಜು. ಒಂದು ಪೆನ್ಸಿಲ್ ತೂರುವಷ್ಟು, ಅಂದರೆ ಆರು ಮಿಲಿಮೀಟರ್ ಸಂದು ಸಿಕ್ಕರೂ ಸಣ್ಣ ಇಲಿ ಒಳಗೆ ಬರುತ್ತದೆ. ಚಳಿ ಶುರುವಾಗುವ ಮೊದಲೇ, ಸೆಪ್ಟೆಂಬರಿನಲ್ಲೇ, ಆ ಸಂದುಗಳಿಗೆ ಸ್ಟೀಲ್ ವುಲ್ ತುರುಕಿ ಮುಚ್ಚಲು ಹೇಳಿ. ಹಳೆಯ ಕಂಬಳಿ, ಹತ್ತಿ ಬಟ್ಟೆಗಳನ್ನು ಮುಚ್ಚಳ ಇರುವ ಡಬ್ಬದಲ್ಲಿಡಲಿ. ಗೂಡು ಸಿಕ್ಕರೆ ನಾನು ಮಾಡಿದ ಹಾಗೆ ಬೆರಳು ಹಾಕಬಾರದು. ಅಲ್ಲಿನ ಡಿಯರ್ ಮೌಸ್‌ನ ಹಿಕ್ಕೆ, ಮೂತ್ರದಿಂದ ಹಂಟಾ ವೈರಸ್ ಬರಬಹುದು, ಪ್ರಾಣಕ್ಕೇ ಅಪಾಯ. ಒಣಗಿದ್ದನ್ನು ಪೊರಕೆಯಿಂದ ಗುಡಿಸಲೇಬಾರದು, ಧೂಳಿನ ಜೊತೆ ಮೂಗಿಗೆ ಹೋಗುತ್ತದೆ. ಬಾಗಿಲು ತೆರೆದು ಗಾಳಿಯಾಡಲು ಬಿಡಲಿ. ಆಮೇಲೆ ಕೈಗವಸು ಹಾಕಿಕೊಂಡು, ಬ್ಲೀಚ್ ನೀರು ಚಿಮುಕಿಸಿ ಚೆನ್ನಾಗಿ ನೆನೆದ ಮೇಲೆ ಒರೆಸಿ ತೆಗೆಯಲಿ. ಮುಂದಿನ ಸಲ ಇಲಿ ಕಂಡರೆ ದೂರದಿಂದಲೇ ಹೊಟ್ಟೆಯ ಬಣ್ಣ ನೋಡಿ. ಬೂದುಗಂದು ಇದ್ದರೆ ಹಡಗಿನಲ್ಲಿ ಬಂದವುಗಳ ಸಂತತಿ ಅದು. ಬಿಳಿ ಇದ್ದರೆ ಆ ನೆಲದ್ದೇ.